ಡಬಲ್ ಮಾರ್ಕರ್, ಎನ್‌ಐಪಿಟಿ, ಆಮ್ನಿಯೋ: ಯಾರಿಗೆ, ಯಾವ ವಾರದಲ್ಲಿ, ಯಾವ ಪರೀಕ್ಷೆ?

ಗರ್ಭದಲ್ಲಿರುವ ಮಗುವಿನ ವರ್ಣತಂತು ಮತ್ತು ಜೀನಿನ ತೊಂದರೆಗಳನ್ನು ನೋಡುವ ಪರೀಕ್ಷೆಗಳ ಕುರಿತು ಒಂದೇ ವಾರದಲ್ಲಿ ಬಂದ ಎರಡು ಪತ್ರಗಳು ಈ ಬರಹಕ್ಕೆ ಕಾರಣ. ಮೊದಲನೆಯದು ದಾವಣಗೆರೆ ಕಡೆಯ ದಂಪತಿಯದು. ಹೆಂಡತಿಗೆ 36 ವರ್ಷ, ಮೊದಲ ಬಸಿರು, 13 ವಾರ ತುಂಬಿದೆ. ಎನ್‌ಟಿ ಸ್ಕ್ಯಾನ್ ಸರಿಯಾಗಿದೆ. ಆದರೆ ಡಬಲ್ ಮಾರ್ಕರ್ ವರದಿಯಲ್ಲಿ ಕೆಂಪು ಅಕ್ಷರದಲ್ಲಿ ‘ಹೈ ರಿಸ್ಕ್’ ಎಂದು ಅಚ್ಚಾಗಿದೆ, ಪಕ್ಕದಲ್ಲಿ ಡೌನ್ ಸಿಂಡ್ರೋಮ್‌ನ ಸಾಧ್ಯತೆ 1:180 ಎಂಬ ಅಂಕಿ. ಎನ್‌ಐಪಿಟಿ (ತಾಯಿಯ ರಕ್ತದಿಂದ ಮಾಡುವ ಡಿಎನ್‌ಎ ಪರೀಕ್ಷೆ) ಮಾಡಿಸಿ ಅಥವಾ ಆಮ್ನಿಯೋ (ಮಗುವಿನ ಸುತ್ತಲ ನೀರು ತೆಗೆದು ಮಾಡುವ ಪರೀಕ್ಷೆ) ಮಾಡಿಸಿ, ನೀವೇ ನಿರ್ಧರಿಸಿ ಎಂದು ವೈದ್ಯರು ಹೇಳಿ ಕಳಿಸಿದ್ದಾರೆ. ಎರಡನೆಯದು ಹಾಸನ ಜಿಲ್ಲೆಯದು. ಆಕೆಗೆ 24, ಸೋದರಮಾವನನ್ನೇ ಮದುವೆಯಾಗಿದ್ದಾರೆ, ಎಂಟನೆಯ ವಾರ ನಡೆಯುತ್ತಿದೆ. ತಾಯಿಯ ಕಡೆಯ ಬಂಧುಗಳಲ್ಲಿ ಒಂದು ಮಗುವಿಗೆ ತಿಂಗಳಿಗೊಮ್ಮೆ ರಕ್ತ ಹಾಕಿಸಬೇಕಾಗಿದೆ. “ಎನ್‌ಐಪಿಟಿಯಲ್ಲಿ ಎಲ್ಲವೂ ಗೊತ್ತಾಗುತ್ತದಂತೆ, ಸಾಲ ಮಾಡಿಯಾದರೂ ಮಾಡಿಸುತ್ತೇವೆ” ಎಂದು ಬರೆದಿದ್ದಾರೆ.

ಮೊದಲನೆಯ ಪತ್ರಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಎರಡನೆಯದು. ಆ ಮನೆಯವರು ಸಾಲ ಮಾಡಿ ಮಾಡಿಸಲಿರುವ ಪರೀಕ್ಷೆ, ಅವರು ಹೆದರುತ್ತಿರುವ ಕಾಯಿಲೆಯನ್ನು ನೋಡುವುದೇ ಇಲ್ಲ. ಅವರಿಗೆ ಬೇಕಾದ ಪರೀಕ್ಷೆ ಅದಕ್ಕಿಂತ ಎಷ್ಟೋ ಪಾಲು ಅಗ್ಗವಾದದ್ದು, ಎಷ್ಟೋ ಪಾಲು ಸರಳವಾದದ್ದು. ದುಬಾರಿ ಪರೀಕ್ಷೆ ಎಲ್ಲವನ್ನೂ ನೋಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಯಾವುದು ಒಳ್ಳೆಯ ಪರೀಕ್ಷೆ ಎಂದು ಕೇಳುವವರೇ ಎಲ್ಲರೂ, ನಮಗಿರುವ ಭಯ ಯಾವುದರದು ಎಂದು ಕೇಳಿಕೊಳ್ಳುವವರು ಕಡಿಮೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ನಮ್ಮ ಪ್ರತಿ ಜೀವಕೋಶದಲ್ಲಿ 46 ವರ್ಣತಂತುಗಳಿವೆ, 23 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ, ಒಂದು ತಂದೆಯಿಂದ ಬಂದದ್ದು. ತೊಂದರೆ ಮೂರು ಮಟ್ಟದಲ್ಲಿ ಆಗಬಹುದು. ಮೊದಲನೆಯದು ಎಣಿಕೆಯ ತಪ್ಪು: 21ನೆಯ ವರ್ಣತಂತು ಎರಡರ ಬದಲು ಮೂರಿದ್ದರೆ ಡೌನ್ ಸಿಂಡ್ರೋಮ್, 18ನೆಯದು ಮೂರಿದ್ದರೆ ಎಡ್ವರ್ಡ್ಸ್, 13ನೆಯದು ಮೂರಿದ್ದರೆ ಪಟಾವ್. ಎರಡನೆಯದು ರಚನೆಯ ತಪ್ಪು: ಎಣಿಕೆ ಸರಿಯಿದ್ದೂ ಒಂದು ತುಂಡು ಕಳೆದುಹೋಗಿರುತ್ತದೆ, ಹೆಚ್ಚಾಗಿರುತ್ತದೆ ಅಥವಾ ಬೇರೆ ಕಡೆಗೆ ಹೋಗಿ ಅಂಟಿಕೊಂಡಿರುತ್ತದೆ. ಮೂರನೆಯದು ಒಂದೇ ಜೀನಿನೊಳಗಿನ ತಪ್ಪು: ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗಳು, ಡುಶೇನ್ ಸ್ನಾಯುಕ್ಷಯ, ಬೆನ್ನುಹುರಿಯ ನರಕೋಶಗಳು ಸೊರಗಿ ಸ್ನಾಯು ಕುಗ್ಗುವ ಎಸ್‌ಎಂಎ ಇವೆಲ್ಲ ಈ ಗುಂಪಿನವು. ಪುಸ್ತಕಕ್ಕೆ ಹೋಲಿಸಿದರೆ, ಒಂದು ಸಂಪುಟವೇ ಹೆಚ್ಚಾಗಿರುವುದು, ಕೆಲವು ಪುಟಗಳು ಹರಿದಿರುವುದು ಮತ್ತು ಒಂದು ಸಾಲಿನಲ್ಲಿ ಒಂದು ಅಕ್ಷರ ತಪ್ಪಾಗಿರುವುದು ಬೇರೆ ಬೇರೆ. ಸಂಪುಟ ಎಣಿಸುವವನಿಗೆ ಅಕ್ಷರದ ತಪ್ಪು ಕಾಣುವುದಿಲ್ಲ. ಹಾಗಾಗಿ ನಿಮ್ಮ ಭಯ ಈ ಮೂರರಲ್ಲಿ ಯಾವುದರದು ಎಂಬುದು ಮೊದಲ ಮಾನದಂಡ.

ಪರೀಕ್ಷೆ ಸಾಧ್ಯತೆಯನ್ನು ಹೇಳುತ್ತದೆಯೇ, ಉತ್ತರವನ್ನು ಹೇಳುತ್ತದೆಯೇ ಎಂಬುದು ಎರಡನೆಯದು. ಯಾವ ವಾರದಲ್ಲಿ ಮಾಡಬಹುದು, ವರದಿ ಬರುವ ಹೊತ್ತಿಗೆ ಎಷ್ಟು ವಾರ ಆಗಿರುತ್ತದೆ ಎಂಬುದು ಮೂರನೆಯದು. ಇಲ್ಲಿ ಹೇಳುವ ವಾರಗಳನ್ನೆಲ್ಲ ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದೆ. ಗರ್ಭಕ್ಕೆ ಅಪಾಯವೆಷ್ಟು, ಖರ್ಚೆಷ್ಟು ಎಂಬವು ನಂತರದವು. ಇವೆಲ್ಲಕ್ಕೂ ಹಿಂದೆ, ಯಾರೂ ನಿಮ್ಮ ಪರವಾಗಿ ಉತ್ತರಿಸಲಾಗದ ಒಂದು ಪ್ರಶ್ನೆಯಿದೆ: ಫಲಿತಾಂಶ ಗೊತ್ತಾದ ಮೇಲೆ ಏನು ಮಾಡುವಿರಿ? ಬಸಿರನ್ನು ಮುಂದುವರಿಸುವುದು ಖಚಿತವೆಂದಿದ್ದರೂ ಪರೀಕ್ಷೆ ವ್ಯರ್ಥವಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆಯಿರುತ್ತದೆ. ಮೊದಲೇ ಗೊತ್ತಿದ್ದರೆ ಮಕ್ಕಳ ಹೃದಯ ಚಿಕಿತ್ಸೆಯಿರುವ ಊರಿನಲ್ಲಿ ಹೆರಿಗೆಯ ಏರ್ಪಾಡು ಮಾಡಿಕೊಳ್ಳಬಹುದು. ಹಾಗೆಯೇ, ಯಾವ ಪರೀಕ್ಷೆಯೂ ಬೇಡ, ಸ್ಕ್ಯಾನ್ ಸಾಕು ಎನ್ನುವುದೂ ಯೋಚಿಸಿ ತೆಗೆದುಕೊಂಡ ನಿರ್ಧಾರವಾಗಿದ್ದರೆ ಗೌರವಿಸಬೇಕಾದದ್ದೇ.

ಸಾಧ್ಯತೆ ಹೇಳುವ ಪರೀಕ್ಷೆಗಳು

11ನೆಯ ವಾರದಿಂದ 13 ವಾರ 6 ದಿನದವರೆಗೆ ಮಾಡುವ ಎನ್‌ಟಿ ಸ್ಕ್ಯಾನ್‌ನಲ್ಲಿ ಮಗುವಿನ ಕತ್ತಿನ ಹಿಂಬದಿಯ ಚರ್ಮದಡಿ ಇರುವ ನೀರಿನ ದಪ್ಪವನ್ನು ಅಳೆಯುತ್ತಾರೆ. ಅದರೊಂದಿಗೆ ತಾಯಿಯ ರಕ್ತದಲ್ಲಿ ಪ್ಯಾಪ್‌–ಎ ಮತ್ತು ಬೀಟಾ ಎಚ್‌ಸಿಜಿ ಎಂಬ ಎರಡು ವಸ್ತುಗಳನ್ನು ನೋಡುವುದೇ ಡಬಲ್ ಮಾರ್ಕರ್. ಸ್ಕ್ಯಾನ್, ರಕ್ತ, ತಾಯಿಯ ವಯಸ್ಸು ಮೂರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಡೌನ್ ಸಿಂಡ್ರೋಮ್ ಇರುವ ನೂರು ಗರ್ಭಗಳಲ್ಲಿ 85ರಿಂದ 90ನ್ನು ಇದು ಗುರುತಿಸುತ್ತದೆ. ಪ್ರತಿಯಾಗಿ, ಏನೂ ತೊಂದರೆಯಿಲ್ಲದ ನೂರರಲ್ಲಿ ಐವರಿಗೆ ‘ಹೈ ರಿಸ್ಕ್’ ಎಂದು ಹೇಳಿಬಿಡುತ್ತದೆ. ಸ್ಕ್ಯಾನ್ ಸೇರಿಸದೆ ರಕ್ತವೊಂದನ್ನೇ ಕೊಟ್ಟು ಬಂದರೆ ಗುರುತಿಸುವ ಶಕ್ತಿ ಬಹಳ ಇಳಿಯುತ್ತದೆ. ಎಷ್ಟೋ ಮಂದಿ ರಕ್ತ ಮಾತ್ರ ಕೊಟ್ಟು ಬಂದಿರುತ್ತಾರೆ. ವರದಿಯಲ್ಲಿ ಎನ್‌ಟಿ ಎಷ್ಟು ಮಿಲಿಮೀಟರ್ ಎಂಬ ಅಂಕಿ ನಮೂದಾಗಿದೆಯೇ ಎಂದು ದಯವಿಟ್ಟು ನೋಡಿ. ಈ ಪರೀಕ್ಷೆಯ ದೊಡ್ಡ ಗುಣವೆಂದರೆ ಅದೇ ಸ್ಕ್ಯಾನ್‌ನಲ್ಲಿ ಮಗುವಿನ ತಲೆಬುರುಡೆ, ಹೊಟ್ಟೆಯ ಗೋಡೆ, ಕೈಕಾಲುಗಳೂ ಕಾಣುತ್ತವೆ. ಖರ್ಚು ಕೆಲವು ಸಾವಿರಗಳಲ್ಲಿ ಮುಗಿಯುತ್ತದೆ.

ಆ ವಾರಗಳು ದಾಟಿ ಹೋದವರಿಗೆ 15ರಿಂದ 20ನೆಯ ವಾರದೊಳಗೆ ಮಾಡುವ ಕ್ವಾಡ್ರುಪಲ್ ಮಾರ್ಕರ್ ಇದೆ. ನೂರಕ್ಕೆ ಸುಮಾರು 80ನ್ನು ಗುರುತಿಸುತ್ತದೆ. ತಡವಾಗಿ ಬಂದವರಿಗೆ ಇದು ಉಪಯುಕ್ತವೇ, ಆದರೆ ಮೊದಲ ಆಯ್ಕೆಯಲ್ಲ.

ಇನ್ನು ಎನ್‌ಐಪಿಟಿ. ತಾಯಿಯ ರಕ್ತದಲ್ಲಿ ಮಾಸಿನಿಂದ ಬಂದ ಡಿಎನ್‌ಎ ಚೂರುಗಳು ತೇಲುತ್ತಿರುತ್ತವೆ ಎಂಬುದನ್ನು ವಿಜ್ಞಾನಿ ಡೆನಿಸ್ ಲೋ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. 2011ರ ಹೊತ್ತಿಗೆ ಅದು ವರ್ಣತಂತುಗಳ ಎಣಿಕೆಯನ್ನು ನೋಡುವ ಆಸ್ಪತ್ರೆಯ ಪರೀಕ್ಷೆಯಾಯಿತು. 10ನೆಯ ವಾರದಿಂದ ಮಾಡಬಹುದು, ತಾಯಿಯ ತೋಳಿನ ರಕ್ತ ಸಾಕು, ಗರ್ಭಕ್ಕೆ ಅಪಾಯವಿಲ್ಲ. ಡೌನ್ ಸಿಂಡ್ರೋಮ್ ಇರುವ ನೂರರಲ್ಲಿ 99ನ್ನು ಹಿಡಿಯುತ್ತದೆ. ತಪ್ಪಾಗಿ ಹೆದರಿಸುವುದು ಸಾವಿರಕ್ಕೆ ಒಂದು ಅಥವಾ ಅದಕ್ಕಿಂತಲೂ ಕಡಿಮೆ. ಬೆಲೆ ಲ್ಯಾಬಿನಿಂದ ಲ್ಯಾಬಿಗೆ ಬಹಳ ಬದಲಾಗುತ್ತದೆ, ಹತ್ತು ಸಾವಿರ ರೂಪಾಯಿಯಿಂದ ಇಪ್ಪತ್ತೈದು ಸಾವಿರದ ಆಸುಪಾಸಿನವರೆಗೂ ಹೋಗುತ್ತದೆ.

99 ಎಂಬ ಅಂಕಿಯನ್ನು ಕೇಳಿದವರು ಪಾಸಿಟಿವ್ ಬಂದರೆ 99ರಷ್ಟು ಖಚಿತ ಎಂದುಕೊಳ್ಳುತ್ತಾರೆ. ಹಾಗಲ್ಲ, ಕಾಗದ ಪೆನ್ನು ತೆಗೆದುಕೊಂಡು ಒಮ್ಮೆ ಲೆಕ್ಕ ಹಾಕೋಣ. 25ರ ಆಸುಪಾಸಿನ ತಾಯಂದಿರಲ್ಲಿ ಈ ಹಂತದಲ್ಲಿ ಡೌನ್ ಸಿಂಡ್ರೋಮ್‌ನ ಸಾಧ್ಯತೆ ಸುಮಾರು ಸಾವಿರಕ್ಕೆ ಒಂದು. ಅಂಥ ಒಂದು ಲಕ್ಷ ತಾಯಂದಿರು ಪರೀಕ್ಷೆಗೆ ಬಂದರೆ 100 ಮಕ್ಕಳಲ್ಲಿ ತೊಂದರೆಯಿರುತ್ತದೆ, ಅದರಲ್ಲಿ 99 ಪಾಸಿಟಿವ್ ಬರುತ್ತವೆ. ಉಳಿದ 99,900 ಮಕ್ಕಳಲ್ಲಿ ಸಾವಿರಕ್ಕೆ ಒಂದರಂತೆ ಸುಮಾರು 100 ತಪ್ಪು ಪಾಸಿಟಿವ್ ಬರುತ್ತವೆ. ಅಂದರೆ ಪಾಸಿಟಿವ್ ಎಂದು ಕೈಗೆ ಬಂದ ಸುಮಾರು 200 ವರದಿಗಳಲ್ಲಿ ಅರ್ಧ ಮಾತ್ರ ನಿಜ. ಇದೇ ಲೆಕ್ಕವನ್ನು 1:180 ಇರುವ ದಾವಣಗೆರೆಯ ತಾಯಿಗೆ ಹಾಕಿದರೆ ಪಾಸಿಟಿವ್ ನಿಜವಾಗುವ ಸಾಧ್ಯತೆ ನೂರಕ್ಕೆ 85ರಷ್ಟಾಗುತ್ತದೆ. ನೆಗೆಟಿವ್ ಬಂದರೆ ಡೌನ್ ಸಿಂಡ್ರೋಮ್ ಉಳಿದಿರುವ ಸಾಧ್ಯತೆ ಹದಿನೈದು ಸಾವಿರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿಯುತ್ತದೆ. ಹೀಗಾಗಿ ಎನ್‌ಐಪಿಟಿ ನೆಗೆಟಿವ್ ಎನ್ನುವುದು ಬಹಳ ದೊಡ್ಡ ಸಮಾಧಾನ, ಆದರೆ ಪಾಸಿಟಿವ್ ಎನ್ನುವುದು ತೀರ್ಪಲ್ಲ. ಆ ಒಂದು ಕಾಗದವನ್ನು ನಂಬಿ ಯಾರೂ ಬಸಿರು ತೆಗೆಸಬಾರದು. ಪರೀಕ್ಷೆಗೆ ಸಿಗುವ ಡಿಎನ್‌ಎ ಮಾಸಿನದು, ಮಗುವಿನದಲ್ಲ, ಎರಡೂ ಯಾವಾಗಲೂ ಒಂದೇ ಆಗಿರುವುದಿಲ್ಲ.

ತೂಕ ಹೆಚ್ಚಿರುವ ತಾಯಂದಿರಲ್ಲಿ ಕೆಲವೊಮ್ಮೆ ಮಗುವಿನ ಕಡೆಯ ಡಿಎನ್‌ಎ ಪ್ರಮಾಣ ಸಾಲದೆ ವರದಿಯೇ ಬರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಜೊತೆಗೆ, ಎನ್‌ಟಿ 3.5 ಮಿಲಿಮೀಟರ್‌ಗೆ ಮುಟ್ಟಿದ್ದರೆ ಅಥವಾ ಸ್ಕ್ಯಾನ್‌ನಲ್ಲಿ ಮಗುವಿನ ಅಂಗರಚನೆಯಲ್ಲೇ ದೋಷ ಕಂಡಿದ್ದರೆ ಎನ್‌ಐಪಿಟಿಯ ದಾರಿಗೆ ಹೋಗಬೇಡಿ. ಅಲ್ಲಿ ಎಣಿಕೆಯ ತಪ್ಪಷ್ಟೇ ಅಲ್ಲದೆ ರಚನೆಯ ತಪ್ಪಿನ ಶಂಕೆಯೂ ಇರುತ್ತದೆ; ನೇರವಾಗಿ ಉತ್ತರ ಹೇಳುವ ಪರೀಕ್ಷೆಯೇ ಸರಿ.

ಉತ್ತರ ಹೇಳುವ ಪರೀಕ್ಷೆಗಳು

ಇವು ಎರಡು. 11ರಿಂದ 14ನೆಯ ವಾರದೊಳಗೆ ಮಾಸಿನ ಚಿಕ್ಕ ಚೂರನ್ನು ತೆಗೆಯುವುದು ಸಿವಿಎಸ್. 15 ವಾರ ತುಂಬಿದ ಮೇಲೆ ಮಗುವಿನ ಸುತ್ತಲ ನೀರನ್ನು ತೆಗೆಯುವುದು ಆಮ್ನಿಯೋಸೆಂಟೆಸಿಸ್. ಸೂಜಿ ಎಂದೊಡನೆ ಎದೆ ನಡುಗುವುದು ಸಹಜ, ಆದ್ದರಿಂದ ನಡೆಯುವುದನ್ನು ಇದ್ದಂತೆ ಹೇಳುತ್ತೇನೆ. ತಾಯಿ ಮಲಗಿರುತ್ತಾರೆ, ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ನಡೆಯುತ್ತಿರುತ್ತದೆ, ಪರದೆಯ ಮೇಲೆ ಮಗು ಆಡುವುದು ಕಾಣುತ್ತಿರುತ್ತದೆ. ಮಗುವಿನಿಂದ ದೂರವಿರುವ ನೀರಿನ ಜಾಗ ನೋಡಿ ತೆಳುವಾದ ಉದ್ದ ಸೂಜಿಯನ್ನು ಇಳಿಸುತ್ತಾರೆ. ಸಿರಿಂಜಿನೊಳಗೆ ತಿಳಿಹಳದಿ ಬಣ್ಣದ ನೀರು 15–20 ಮಿಲಿಲೀಟರ್ ಬರುತ್ತದೆ. ಕೆಲವೇ ನಿಮಿಷಗಳ ಕೆಲಸ. ಮಗು ಆ ನೀರನ್ನು ಬೇಗನೆ ಮತ್ತೆ ತುಂಬಿಕೊಳ್ಳುತ್ತದೆ. ಅನುಭವಿಗಳ ಕೈಯಲ್ಲಿ ಗರ್ಭಪಾತದ ಹೆಚ್ಚುವರಿ ಅಪಾಯ 200ಕ್ಕೆ 1ಕ್ಕಿಂತಲೂ ಕಡಿಮೆ. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ–ಡಿ ಇಂಜೆಕ್ಷನ್ ಬೇಕೇ ಎಂದು ಮೊದಲೇ ಕೇಳಿ. ಆಗುವ ಗಡಿಬಿಡಿಯಲ್ಲಿ ಇದು ಮರೆತುಹೋಗಬಾರದು.

ಸಿವಿಎಸ್‌ಗೆ ಇರುವ ಮೇಲುಗೈ ಸಮಯದ್ದು. ಅದರ ಕೊರತೆಯೂ ಮಾಸಿನದೇ: ನೂರರಲ್ಲಿ ಒಂದೆರಡು ಬಸಿರುಗಳಲ್ಲಿ ತಪ್ಪು ಮಾಸಿನಲ್ಲಿ ಮಾತ್ರ ಇದ್ದು ಮಗುವಿನಲ್ಲಿ ಇರುವುದಿಲ್ಲ, ಆಗ ಮತ್ತೆ ಆಮ್ನಿಯೋ ಮಾಡಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ, ಮನೆಯಲ್ಲಿ ಯಾವ ಜೀನಿನ ತಪ್ಪು ಹರಿಯುತ್ತಿದೆಯೆಂದು ಖಚಿತವಾಗಿ ಗೊತ್ತಿರುವವರಿಗೆ ಸಿವಿಎಸ್ ಉತ್ತಮ. ಡಬಲ್ ಮಾರ್ಕರ್‌ನಲ್ಲಿ ಹೈ ರಿಸ್ಕ್ ಬಂದವರಿಗೆ ಎರಡು ವಾರ ಕಾದು ಆಮ್ನಿಯೋ ಮಾಡಿಸುವುದು ಉತ್ತಮ.

ಸೂಜಿ ಹಾಕಿ ತೆಗೆದ ಮಾದರಿಯ ಮೇಲೆ ಲ್ಯಾಬಿನಲ್ಲಿ ಯಾವ ಪರೀಕ್ಷೆ ಮಾಡುತ್ತಾರೆ ಎಂಬುದು ಇನ್ನೊಂದು ಆಯ್ಕೆ, ಮತ್ತು ಹೆಚ್ಚಿನವರಿಗೆ ಅದನ್ನು ಯಾರೂ ವಿವರಿಸಿರುವುದಿಲ್ಲ. ಫಿಶ್ ಅಥವಾ ಕ್ಯುಎಫ್‌–ಪಿಸಿಆರ್ ಎರಡು ಮೂರು ದಿನಗಳಲ್ಲಿ 13, 18, 21 ಮತ್ತು ಲಿಂಗ ವರ್ಣತಂತುಗಳ ಎಣಿಕೆಯನ್ನಷ್ಟೇ ಹೇಳುತ್ತದೆ. ಕ್ಯಾರಿಯೋಟೈಪ್‌ಗೆ ಜೀವಕೋಶಗಳನ್ನು ಬೆಳೆಸಬೇಕಾದ್ದರಿಂದ ಸುಮಾರು ಎರಡು ವಾರ ಹಿಡಿಯುತ್ತದೆ. ಎಲ್ಲ 46ನ್ನೂ ಸೂಕ್ಷ್ಮದರ್ಶಕದಲ್ಲಿ ಜೋಡಿಸಿ ನೋಡುವುದರಿಂದ ದೊಡ್ಡ ತುಂಡುಗಳ ಅದಲುಬದಲೂ ಕಾಣುತ್ತದೆ. ಮೈಕ್ರೋಅರೇ ಇನ್ನೂ ಸಣ್ಣ ತುಂಡುಗಳ ನಷ್ಟವನ್ನು ಹಿಡಿಯುತ್ತದೆ, ಖರ್ಚು ಹೆಚ್ಚು. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಸ್ಕ್ಯಾನ್‌ನಲ್ಲಿ ದೋಷ ಕಂಡಿದ್ದು ಕ್ಯಾರಿಯೋಟೈಪ್ ಸರಿಯಿದ್ದ ಗರ್ಭಗಳಲ್ಲಿ ನೂರಕ್ಕೆ 6ರಲ್ಲಿ ಮೈಕ್ರೋಅರೇ ಹೊಸ ಕಾರಣವನ್ನು ತೋರಿಸಿತು. ಆದರೆ ಅರ್ಥ ಇನ್ನೂ ಸ್ಪಷ್ಟವಾಗದ ಬದಲಾವಣೆಗಳನ್ನೂ ಅದು ವರದಿಯಲ್ಲಿ ತಂದಿಡುತ್ತದೆ, ಆಗ ತಂದೆತಾಯಿಗಳ ನಿದ್ದೆ ಹೋಗುತ್ತದೆ. ಸ್ಕ್ಯಾನ್‌ನಲ್ಲಿ ದೋಷವಿದ್ದರೆ ಮೈಕ್ರೋಅರೇಗೆ ಹಣ ಹಾಕಿ; ಮಾರ್ಕರ್ ಮಾತ್ರ ಹೈ ರಿಸ್ಕ್ ಆಗಿದ್ದು ಕೈ ಬಿಗಿಯಿದ್ದರೆ ಕ್ಯುಎಫ್‌–ಪಿಸಿಆರ್ ಜೊತೆಗೆ ಕ್ಯಾರಿಯೋಟೈಪ್ ಸಾಕು.

ಮೊದಲ ಮಗುವಿಗೆ ಡೌನ್ ಸಿಂಡ್ರೋಮ್ ಇದ್ದರೆ

ಇವರು ಮಾಡಿಸಬೇಕಾದ ಮೊದಲ ಪರೀಕ್ಷೆ ಬಸಿರಿಯದ್ದಲ್ಲ, ಈಗಾಗಲೇ ಮನೆಯಲ್ಲಿ ಆಡುತ್ತಿರುವ ಮಗುವಿನದು. ಡೌನ್ ಸಿಂಡ್ರೋಮ್ ಇರುವ ನೂರು ಮಕ್ಕಳಲ್ಲಿ ಸುಮಾರು 95ರಲ್ಲಿ ಮೂರನೆಯ 21 ಬಿಡಿಯಾಗಿರುತ್ತದೆ. ಅದು ಹೆಚ್ಚಾಗಿ ಅಂಡಾಣು ರೂಪುಗೊಳ್ಳುವಾಗ ಆಕಸ್ಮಿಕವಾಗಿ ಆದದ್ದು, ಯಾರ ತಪ್ಪೂ ಅಲ್ಲ, ಮರುಕಳಿಸುವ ಸಾಧ್ಯತೆ ಎಳೆಯ ತಾಯಂದಿರಲ್ಲಿ ನೂರಕ್ಕೆ ಒಂದರಷ್ಟು. ಮೂರು ನಾಲ್ಕು ಮಕ್ಕಳಲ್ಲಿ ಅದು 14 ಅಥವಾ ಬೇರೊಂದು ವರ್ಣತಂತುವಿಗೆ ಅಂಟಿಕೊಂಡಿರುತ್ತದೆ. ಆಗ ತಂದೆ ಅಥವಾ ತಾಯಿ ಸಂಪೂರ್ಣ ಆರೋಗ್ಯವಾಗಿದ್ದೂ ಆ ಅಂಟನ್ನು ಹೊತ್ತಿರಬಹುದು. 14ಕ್ಕೆ ಅಂಟಿದ 21ನ್ನು ತಾಯಿ ಹೊತ್ತಿದ್ದರೆ ಮುಂದಿನ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ 10–15. ಎರಡು 21ಗಳೇ ಒಂದಕ್ಕೊಂದು ಅಂಟಿದ್ದನ್ನು ತಂದೆತಾಯಿಯಲ್ಲಿ ಒಬ್ಬರು ಹೊತ್ತಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಡೌನ್ ಸಿಂಡ್ರೋಮ್ ಇರುತ್ತದೆ. ಮಗುವಿನ ಮುಖ ನೋಡಿ ಇವುಗಳ ವ್ಯತ್ಯಾಸ ಹೇಳಲಾಗದು. ಕೆಲವು ಸಾವಿರದ ಕ್ಯಾರಿಯೋಟೈಪ್ ಒಂದೇ ಹೇಳಬಲ್ಲದು. “ಮುಖ ನೋಡಿದರೇ ಗೊತ್ತಾಗುತ್ತದೆ, ಪರೀಕ್ಷೆ ಏಕೆ” ಎಂದು ವರ್ಷಗಳ ಹಿಂದೆ ಯಾರೋ ಹೇಳಿದ್ದನ್ನು ನಂಬಿ ಆ ವರದಿಯಿಲ್ಲದೆ ಎರಡನೆಯ ಬಸಿರಿನಲ್ಲಿ ಬಂದ ದಂಪತಿಗಳನ್ನು ಕಂಡಾಗ ಸಂಕಟವಾಗುತ್ತದೆ.

ಸಂಬಂಧದಲ್ಲಿ ಮದುವೆಯಾದವರಿಗೆ

ಈಗ ಹಾಸನದ ಪತ್ರಕ್ಕೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮ ನಾಡಿನಲ್ಲಿ ಹಳೆಯ ರೂಢಿ. ಇದರಿಂದ ವರ್ಣತಂತುಗಳ ಎಣಿಕೆ ತಪ್ಪುವುದಿಲ್ಲ. ಸೋದರಮಾವ ಮತ್ತು ಸೊಸೆಯ ನಡುವೆ ಜೀನುಗಳ ಕಾಲು ಭಾಗ, ಅತ್ತೆ–ಮಾವನ ಮಕ್ಕಳ ನಡುವೆ ಎಂಟನೆಯ ಒಂದು ಭಾಗ ಸಮಾನವಾಗಿರುತ್ತದೆ. ವೈದ್ಯರು ರಿಸೆಸಿವ್ ಎನ್ನುವ ಕಾಯಿಲೆಗಳು ಬರಲು ಜೋಡಿಯ ಎರಡೂ ಪ್ರತಿಗಳು ಕೆಟ್ಟಿರಬೇಕು. ಒಂದೇ ಅಜ್ಜಿಯಿಂದ ಬಂದ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಾಧ್ಯತೆ ಇಲ್ಲಿ ಹೆಚ್ಚು. ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಾವು ಆರೋಗ್ಯವಾಗಿದ್ದೂ ಒಂದು ಕೆಟ್ಟ ಪ್ರತಿಯನ್ನು ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಾಧ್ಯತೆ. ಒಂದು ಮಗುವಿಗೆ ಬಂದಾಯಿತು, ಇನ್ನು ಮೂರಕ್ಕೆ ಬರುವುದಿಲ್ಲ ಎಂದು ಹಿರಿಯರು ಲೆಕ್ಕ ಹೇಳುತ್ತಾರೆ; ಆ ಲೆಕ್ಕ ತಪ್ಪು, ಪ್ರತಿ ಬಸಿರಿನಲ್ಲೂ ಚೀಟಿ ಹೊಸದಾಗಿ ಎತ್ತಿದಂತೆ.

ಎನ್‌ಐಪಿಟಿ, ಫಿಶ್, ಕ್ಯಾರಿಯೋಟೈಪ್, ಮೈಕ್ರೋಅರೇ ಯಾವುದೂ ಈ ಅಕ್ಷರದ ತಪ್ಪನ್ನು ನೋಡುವ ಪರೀಕ್ಷೆಯಲ್ಲ. ತಿಂಗಳಿಗೊಮ್ಮೆ ರಕ್ತ ಹಾಕಿಸುವ ಮಗು ಬಂಧುಗಳಲ್ಲಿದೆ ಎಂದರೆ ಮೊದಲ ಶಂಕೆ ಥಲಸ್ಸೀಮಿಯಾ. ಅದಕ್ಕೆ ಸಿಬಿಸಿ ಎಂಬ ರಕ್ತಕಣಗಳ ಪರೀಕ್ಷೆ ಮತ್ತು ಎಚ್‌ಪಿಎಲ್‌ಸಿ ಎಂಬ ಹಿಮೋಗ್ಲೋಬಿನ್ ಪರೀಕ್ಷೆ ಸಾಕು. ಎನ್‌ಐಪಿಟಿಯ ಬೆಲೆಯ ಒಂದು ಸಣ್ಣ ಪಾಲು. ಸಿಬಿಸಿಯಲ್ಲಿ ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 80ಕ್ಕಿಂತ, ಎಂಸಿಎಚ್ (ಆ ಕಣದಲ್ಲಿರುವ ಹಿಮೋಗ್ಲೋಬಿನ್) 27ಕ್ಕಿಂತ ಕಡಿಮೆಯಿದ್ದು, ಎಚ್‌ಪಿಎಲ್‌ಸಿಯಲ್ಲಿ ಎಚ್‌ಬಿ–ಎ2 ಎಂಬ ಬಗೆಯ ಹಿಮೋಗ್ಲೋಬಿನ್ ನೂರಕ್ಕೆ 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ವಾಹಕರೆಂದು ತಿಳಿಯುತ್ತಾರೆ. ಕಬ್ಬಿಣದ ಕೊರತೆ ತೀವ್ರವಾಗಿದ್ದರೆ ಎ2 ಇಳಿದು ಗಡಿಯಲ್ಲಿರುವವರು ತಪ್ಪಿಸಿಕೊಳ್ಳಬಹುದು, ಇದನ್ನು ವೈದ್ಯರಿಗೆ ನೆನಪಿಸಿ. ಮದುವೆಗೆ ಮುಂಚೆಯಾದರೆ ಒಬ್ಬರದು ನೋಡಿ ಆಮೇಲೆ ಇನ್ನೊಬ್ಬರದು ನೋಡಬಹುದು. ಎಂಟನೆಯ ವಾರದಲ್ಲಿ ಕಾಯುವಷ್ಟು ಸಮಯವಿಲ್ಲ, ಗಂಡಹೆಂಡಿರಿಬ್ಬರದೂ ಒಂದೇ ದಿನ ಆಗಲಿ. ಒಬ್ಬರು ಮಾತ್ರ ವಾಹಕರಾದರೆ ಅಲ್ಲಿಗೆ ಮುಗಿಯಿತು, ನಿಶ್ಚಿಂತೆಯಿಂದಿರಬಹುದು. ಇಬ್ಬರೂ ವಾಹಕರಾದರೆ ಇಬ್ಬರ ಜೀನಿನ ತಪ್ಪನ್ನು ಗುರುತಿಸಿ, 11–12ನೆಯ ವಾರಕ್ಕೆ ಸಿವಿಎಸ್. ಇಂಥ ಸಮಾಲೋಚನೆಗೆ ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಸಂಸ್ಥೆಗಳಿವೆ. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಕುಟುಂಬಗಳಿಗೆ ಸಿಕಲ್ ಸೆಲ್ ತಪಾಸಣೆ 2023ರಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದಡಿ ನಡೆಯುತ್ತಿದೆ.

ಎಲ್ಲ ಏಕಜೀನ್ ಕಾಯಿಲೆಯೂ ಹೀಗೆ ಹರಿಯುವುದಿಲ್ಲ. ಸಾಗರ ತಾಲೂಕಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ಮೂಳೆ–ಕೀಲುಗಳನ್ನು ಬಾಧಿಸುವ ಹಂದಿಗೋಡು ಕಾಯಿಲೆ ಪ್ರಬಲ ರೀತಿಯದು. ತಂದೆತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಡುಶೇನ್ ಸ್ನಾಯುಕ್ಷಯ ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಗಂಡುಮಕ್ಕಳಿಗೆ ಬರುತ್ತದೆ, ಆದರೂ ಮೂರರಲ್ಲಿ ಒಂದು ಪಾಲು ಮಕ್ಕಳಲ್ಲಿ ಅದು ಹೊಸದಾಗಿಯೇ ಹುಟ್ಟಿಕೊಂಡಿರುತ್ತದೆ. ಈ ಮನೆಗಳಲ್ಲಿ ರೋಗವಿರುವ ವ್ಯಕ್ತಿಯ ಜೀನ್ ವರದಿ ಮೊದಲು ಕೈಯಲ್ಲಿರಬೇಕು. ಅದಿಲ್ಲದೆ ಗರ್ಭದಲ್ಲಿ ಏನನ್ನು ಹುಡುಕಬೇಕೆಂಬುದೇ ತಿಳಿಯದು.

ಕಾನೂನು ಮತ್ತು ಕ್ಯಾಲೆಂಡರ್

ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ಸಿವಿಎಸ್, ಆಮ್ನಿಯೋಗಳನ್ನು ನೋಂದಾಯಿತ ಕೇಂದ್ರದಲ್ಲೇ ಮಾಡಬೇಕು, ಮಗುವಿನ ಲಿಂಗವನ್ನು ತಿಳಿಸುವುದು ಅಪರಾಧ, ಮತ್ತು ತಾಯಿಯ ಒಪ್ಪಿಗೆಯನ್ನು ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಬರೆಸಿಕೊಂಡು ಒಂದು ಪ್ರತಿಯನ್ನು ಆಕೆಗೆ ಕೊಡಬೇಕು. ಆದ್ದರಿಂದ ಇಂಗ್ಲಿಷಿನ ಫಾರಂ ಮುಂದಿಟ್ಟು ಸಹಿ ಹಾಕಿ ಎಂದರೆ ಕನ್ನಡದ್ದನ್ನು ಕೇಳಿ, ಅದು ನಿಮ್ಮ ಹಕ್ಕು. ಬಸಿರು ತೆಗೆಸುವ ಕುರಿತ ಕಾಯ್ದೆ 2021ರಲ್ಲಿ ತಿದ್ದುಪಡಿಯಾದ ಮೇಲೆ, ಮಗುವಿನಲ್ಲಿ ಗಂಭೀರ ದೋಷವಿರುವ ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ, ಆಮೇಲೆ ವೈದ್ಯಕೀಯ ಮಂಡಳಿಯ ಅನುಮತಿಯ ಮೇಲೆ ಅವಕಾಶವಿದೆ. ಅವಕಾಶವಿದೆಯೆಂದು ತಡಮಾಡಬಾರದು, ಒಂದೊಂದು ವಾರ ಕಳೆದಂತೆ ತಾಯಿಯ ದೇಹಕ್ಕೂ ಮನಸ್ಸಿಗೂ ಭಾರ ಹೆಚ್ಚುತ್ತದೆ.

ದಾವಣಗೆರೆಯ ದಂಪತಿಗೆ ಇದೇ ಕ್ಯಾಲೆಂಡರನ್ನು ಮುಂದಿಟ್ಟು ಉತ್ತರಿಸಿದೆ. 1:180 ಎಂದರೆ ನಿಮ್ಮಂಥ 180 ತಾಯಂದಿರಲ್ಲಿ 179 ಮಂದಿಯ ಮಗುವಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ. ಎನ್‌ಟಿ ಸರಿಯಿರುವುದರಿಂದ ಎರಡೂ ದಾರಿ ತೆರೆದಿವೆ. ಇಂದೇ ಎನ್‌ಐಪಿಟಿ ಕೊಟ್ಟರೆ ಒಂದೆರಡು ವಾರಗಳಲ್ಲಿ ವರದಿ ಬರುತ್ತದೆ, ಆಗ 15 ವಾರ. ನೆಗೆಟಿವ್ ಬಂದರೆ ಸೂಜಿ ತಪ್ಪಿತು, ಪಾಸಿಟಿವ್ ಬಂದರೆ ಆಮ್ನಿಯೋಗೆ ಅದೇ ಸರಿಯಾದ ವಾರ, ಸಮಯವೇನೂ ಹೋಗುವುದಿಲ್ಲ, ಹಣ ಮಾತ್ರ ಎರಡು ಸಲ ಖರ್ಚಾಗುತ್ತದೆ. ಎರಡಕ್ಕೂ ಹಣ ಹೊಂದಿಸಲಾಗದಿದ್ದರೆ, ಅಥವಾ ಸಾಧ್ಯತೆಯ ಲೆಕ್ಕಗಳೇ ಸಾಕು, ಖಚಿತ ಉತ್ತರ ಬೇಕು ಎನ್ನುವ ಮನಸ್ಸಾದರೆ, ಎನ್‌ಐಪಿಟಿ ಬಿಟ್ಟು ನೇರವಾಗಿ 15 ವಾರ ತುಂಬಿದ ಮೇಲೆ ಆಮ್ನಿಯೋ ಮಾಡಿಸಿ. 17ನೆಯ ವಾರದಲ್ಲಿ ಹೈ ರಿಸ್ಕ್ ವರದಿ ಹಿಡಿದು ಬಂದಿದ್ದರೆ ನಾನು ಎರಡನೆಯ ದಾರಿಯನ್ನೇ ಹೇಳುತ್ತಿದ್ದೆ. ಯಾವುದನ್ನು ಆರಿಸಿದರೂ 18ರಿಂದ 20ನೆಯ ವಾರದಲ್ಲಿ ಮಗುವಿನ ಅಂಗರಚನೆಯನ್ನು ನೋಡುವ ಅನಾಮಲಿ ಸ್ಕ್ಯಾನ್ ಬಿಡಬೇಡಿ, ಮತ್ತು ಹೋಗುವಾಗ ಡಬಲ್ ಮಾರ್ಕರ್ ವರದಿಯ ಮೊದಲ ಪುಟವಷ್ಟೇ ಅಲ್ಲ, ಎನ್‌ಟಿ ಅಳತೆ ಮತ್ತು ರಕ್ತದ ಅಂಕಿಗಳಿರುವ ಎಲ್ಲ ಪುಟಗಳನ್ನೂ, ರಕ್ತದ ಗುಂಪಿನ ಚೀಟಿಯನ್ನೂ ತಾಯಿ ಕಾರ್ಡಿನೊಳಗೆ ಇಟ್ಟುಕೊಂಡು ಹೋಗಿ.